ಎಪ್ಪತ್ತನಾಲ್ಕು ಸೆಕೆಂಡು

ಬನಶಂಕರಿ ಎರಡನೇ ಹಂತ
4 ಆಗಸ್ಟ್ 2025

ಹುಲಿಗೆವ್ವ ಅವರಿಗೆ ನಮಸ್ಕಾರ.

ನಾನು ಶಿಲ್ಪಶ್ರೀ. ನಿಮ್ಮ ಬಿ.ಎ. ಕೊನೆಯ ವರ್ಷದ ಸಂಖ್ಯಾಶಾಸ್ತ್ರ ಈ ಸಲ ನನ್ನ ಪಾಲಿಗೆ ಬಂದಿದೆ. ಮೊಬೈಲ್‌ನಲ್ಲಿ ಪಾಠ, ತಿಂಗಳಿಗೊಂದು ಭಾನುವಾರ ಕಾಲೇಜಿನಲ್ಲಿ ಮುಖಾಮುಖಿ ತರಗತಿ ಎಂದು ಕಚೇರಿಯವರು ನಿಮಗೆ ಹೇಳಿರುತ್ತಾರೆ. ಅವರು ಹೇಳದೆ ಬಿಟ್ಟಿದ್ದನ್ನು ಹೇಳಲು ಒಂದು ವಾರದಿಂದ ನನ್ನ ನಾಲಿಗೆ ತುರಿಸುತ್ತಿದೆ.

ಈ ವರ್ಷ ಮುನ್ನೂರ ಹನ್ನೆರಡು ಜನರಿಗೆ ಒಂದೇ ಪಾಠ ಇರುವುದಿಲ್ಲ. ಪ್ರತಿಯೊಬ್ಬರಿಗೂ ಅವರವರದೇ ಪಾಠ. ನೀವು ಉತ್ತರ ಒತ್ತಿದ ಹಾಗೆಲ್ಲ ಆ್ಯಪ್ ನಿಮ್ಮನ್ನು ಅರಿಯುತ್ತಾ ಹೋಗುತ್ತದೆ. ಸರಿಯೋ ತಪ್ಪೋ, ಎಷ್ಟು ಬೇಗ ಒತ್ತಿದಿರಿ, ಎಲ್ಲಿ ತಡವರಿಸಿದಿರಿ, ಎಲ್ಲ ನೋಡಿ ಮುಂದಿನ ಪಾಠವನ್ನು ನಿಮ್ಮ ಅಳತೆಗೆ ತಕ್ಕಂತೆ ಆರಿಸುತ್ತದೆ. ಮೂರು ವರ್ಷ ನಾನು ಇದಕ್ಕಾಗಿ ಓಡಾಡಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರಾದ ಶಾಂತವೀರಪ್ಪ ಸರ್, 'ಏನಮ್ಮಾ, ಮುನ್ನೂರು ಮಕ್ಕಳಿಗೆ ಮುನ್ನೂರು ಥರ ಅಡುಗೆ ಮಾಡ್ತೀರಾ?' ಎಂದು ಗೇಲಿ ಮಾಡಿದರು. ಹೌದು ಸಾರ್, ಮಾಡ್ತೀನಿ ಎಂದೆ.

ಅದಕ್ಕೇ ಪ್ರತಿಯೊಬ್ಬರಿಗೂ ಈ ಆ್ಯಪ್ ಮೂಲಕವೇ ಪತ್ರ ಬರೆಯುತ್ತಿದ್ದೇನೆ, ನಿಮ್ಮ ಉತ್ತರವೂ ಇದರಲ್ಲೇ ಆ ಕ್ಷಣ ನನಗೆ ತಲುಪುತ್ತದೆ. ನೀವು ಏನು ಕೆಲಸ ಮಾಡುತ್ತೀರಿ, ನಿಮ್ಮ ದಿನ ಹೇಗಿರುತ್ತದೆ ಎಂದು ಬರೆಯಿರಿ. ನಿಮ್ಮ ಲೆಕ್ಕದ ಉದಾಹರಣೆಗಳನ್ನು ನಿಮ್ಮ ಕೆಲಸದಿಂದಲೇ ತೆಗೆಯುತ್ತೇನೆ. ಇನ್ನೊಂದು ಮಾತು. ಅಕ್ಟೋಬರ್ 31ರೊಳಗೆ ನಿಮ್ಮ ಹೆಸರಿನ ಮುಂದೆ ಹಸಿರು ಗುರುತು ಬಂದರೆ ಡಿಸೆಂಬರ್‌ನಲ್ಲೇ ಸಂಖ್ಯಾಶಾಸ್ತ್ರದ ಎರಡನೇ, ಕೊನೆಯ ಪತ್ರಿಕೆ ಬರೆದು ಪದವಿ ಮುಗಿಸಬಹುದು. ಕೆಂಪು ಇದ್ದರೆ ಬುನಾದಿ ಪಾಠದಲ್ಲೇ ಮುಂದುವರಿದು ಮುಂದಿನ ವರ್ಷ ಬರೆಯಬೇಕು.

ನಿಮ್ಮ ಪತ್ರಕ್ಕೆ ಕಾಯುತ್ತಿದ್ದೇನೆ.

ಶಿಲ್ಪಶ್ರೀ


ಬಿಟಿಎಂ ಲೇಔಟ್
9 ಆಗಸ್ಟ್ 2025

ಶಿಲ್ಪಶ್ರೀ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ರೂಮಿನ ಅನ್ನಪೂರ್ಣ ನಾಲ್ಕನೇ ಸಲ ಓದಿ, 'ಏನಬೇ, ಕಾಲೇಜಿನವರು ನಿನಗ ಪತ್ರಾ ಬರ್ಯಾಕತ್ತಾರ?' ಎಂದು ಬಾಯಿ ಬಿಟ್ಟಳು. ಎರಡು ವರ್ಷ ಅಂಚೆಯಲ್ಲಿ ಬಂದ ಪುಸ್ತಕ ಓದಿ ಪಾಸಾದವಳು ನಾನು. ಈ ತನಕ ಕಾಲೇಜಿನಿಂದ ಬಂದದ್ದು ಶುಲ್ಕದ ಚೀಟಿ ಮಾತ್ರ.

ನನ್ನದು ಕೊಪ್ಪಳದ ಕಡೆ. ಬೆಂಗಳೂರಿಗೆ ಬಂದು ಒಂಬತ್ತು ವರ್ಷವಾಯಿತು. ಖಾಸಗಿ ಸಂಸ್ಥೆಯೊಂದರ ಉತ್ಪಾದನಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಭಾನುವಾರವೂ ಕೆಲಸ ಇರುವುದರಿಂದ ತರಗತಿಗೆ ಬರುವುದು ಕಷ್ಟ.

ಡಿಸೆಂಬರ್‌ನಲ್ಲೇ ಬರೆಯಲೇಬೇಕು ಮೇಡಂ. ಪದವಿ ಬೇಕಾದ ಒಂದು ಸರ್ಕಾರಿ ಕೆಲಸದ ಅರ್ಜಿ ಬರುವ ಫೆಬ್ರುವರಿಗೆ ಕರೆಯುತ್ತಾರೆ. ವಯಸ್ಸಿನ ಗಡಿಯಲ್ಲಿ ನನಗೆ ಇದೇ ಕೊನೆಯ ಸಲ. ಉಳಿದ ಎಲ್ಲ ವಿಷಯ ಮುಗಿದಿವೆ. ನಿಮ್ಮದೊಂದೇ ಬಾಕಿ.

ಗಣಿತ ಎಂದರೆ ನನಗೆ ಮೊದಲಿನಿಂದಲೂ ಇಷ್ಟ. ಮನೆಯಲ್ಲಿ ಯಾರೂ ನಂಬುವುದಿಲ್ಲ, ನೀವಾದರೂ ನಂಬಿ.

ಹುಲಿಗೆವ್ವ


ಬನಶಂಕರಿ ಎರಡನೇ ಹಂತ
20 ಆಗಸ್ಟ್ 2025

ಪ್ರಿಯ ಹುಲಿಗೆವ್ವ,

ನಂಬಿದೆ. ನಂಬಿ ಎರಡು ದಿನ ಕೂತು ನಿಮಗೊಂದು ಉಡುಗೊರೆ ಮಾಡಿದ್ದೇನೆ.

ಉತ್ಪಾದನಾ ವಿಭಾಗ ಎಂದಿರಿ, ಬಿಟಿಎಂ ಎಂದಿರಿ. ಗಾರ್ಮೆಂಟ್ಸ್ ಇರಬೇಕು ಎಂದು ಥಟ್ಟನೆ ಹೊಳೆಯಿತು. ಇವತ್ತಿನಿಂದ ನಿಮ್ಮ ಲೆಕ್ಕಗಳೆಲ್ಲ ಅಂಗಿ, ಕಾಲರು, ಗುಂಡಿಗಳ ಮೇಲೆ. 'ಒಂದು ಸಾಲಿನಲ್ಲಿ ಹನ್ನೆರಡು ಯಂತ್ರ, ಗಂಟೆಗೆ ಇಷ್ಟು ಅಂಗಿ, ಗುಂಡಿ ತಪ್ಪಿದವು ಇಷ್ಟು' ಎಂಬ ಧಾಟಿಯ ಮೂವತ್ತು ಪ್ರಶ್ನೆ ಇವೆ. ಗುಂಡಿ ಹೊಲಿಯುವ ಯಂತ್ರದ ವೇಗ ತಿಳಿಯಲು ಕತ್ರಿಗುಪ್ಪೆಯ ಟೈಲರ್ ಒಬ್ಬರ ಬಳಿ ಅರ್ಧ ಗಂಟೆ ನಿಂತಿದ್ದೆ. ಕೊನೆಗೆ ಅವರು, 'ಮೇಡಂ, ಬ್ಲೌಸ್ ಹೊಲಿಸ್ತೀರಾ, ಇಲ್ಲಾ ಸುಮ್ನೆ ನಿಂತಿರ್ತೀರಾ?' ಎಂದರು. ಹೊಲಿಸಲು ಕೊಟ್ಟು ಬಂದೆ.

ಇಷ್ಟವಾಯಿತೇ ಎಂದು ತಪ್ಪದೆ ತಿಳಿಸಿ.

ಶಿಲ್ಪಶ್ರೀ


ಬಿಟಿಎಂ ಲೇಔಟ್
7 ಸೆಪ್ಟೆಂಬರ್ 2025

ಮೇಡಂ ಅವರಿಗೆ ನಮಸ್ಕಾರ.

ಅಂಗಿಯ ಲೆಕ್ಕಗಳಿಗೆ ಧನ್ಯವಾದ. ಶ್ರಮಪಟ್ಟು ಮಾಡಿದ್ದೀರಿ.

ಒಂದು ವಿಷಯ ಕೇಳಬೇಕಿತ್ತು. ಅಂಗಿಗಳು ಹತ್ತು ದಿನ ಬಂದವು. ಈಗ ಬರುತ್ತಿರುವುದು ಮಾವಿನಹಣ್ಣು. ಬುಟ್ಟಿಯಲ್ಲಿ ಆರು ಮಾವಿನಹಣ್ಣು, ಎರಡು ತೆಗೆದರೆ ಎಷ್ಟು ಉಳಿಯುತ್ತವೆ ಎಂದು ಒಂದು ಗಿಳಿ ಕೇಳುತ್ತದೆ. ಸರಿಯಾಗಿ ಹೇಳಿದರೆ ಅದು ರೆಕ್ಕೆ ಬಡಿಯುತ್ತದೆ. ನಿನ್ನೆ ಹನ್ನೊಂದು ಸಲ ಬಡಿಯಿತು.

ಹೆಸರಿನ ಮುಂದೆ ಕೆಂಪು ಗುರುತು ಬಂದಿದೆ. ಸರಾಸರಿಯ ಪಾಠ ನಾಲ್ಕನೇ ಸಲ ಮೊದಲಿನಿಂದ ಶುರುವಾಗಿದೆ. ನಾನು ಏನು ತಪ್ಪು ಮಾಡಿದೆ ಎಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.

ಹುಲಿಗೆವ್ವ


ಬನಶಂಕರಿ ಎರಡನೇ ಹಂತ
9 ಸೆಪ್ಟೆಂಬರ್ 2025

ಪ್ರಿಯ ಹುಲಿಗೆವ್ವ,

ನೀವೇನೂ ತಪ್ಪು ಮಾಡಿಲ್ಲ. ದಯವಿಟ್ಟು ಮುಜುಗರ ಪಡಬೇಡಿ. ನಿಮ್ಮ ದಾಖಲೆ ತೆಗೆದು ನೋಡಿದೆ. ಸಣ್ಣ ಪ್ರಶ್ನೆಗೂ ಉತ್ತರ ಒತ್ತಲು ಒಂದು ನಿಮಿಷದ ಮೇಲಾಗುತ್ತಿದೆ. ಆ್ಯಪ್ ಅದನ್ನು ಗಮನಿಸಿ ನಿಮ್ಮನ್ನು ಕೈಹಿಡಿದು ನಿಧಾನವಾಗಿ ನಡೆಸುತ್ತಿದೆ, ಅಷ್ಟೆ. ಬಹಳ ವರ್ಷದ ನಂತರ ಓದಲು ಕೂತವರಿಗೆ ತಡವಾಗುವುದು ಸಹಜ. ನಿಧಾನವಾಗಿ ಕಲಿಯುವುದರಲ್ಲಿ ಅವಮಾನವೇನೂ ಇಲ್ಲ.

ಗಿಳಿ ನನ್ನ ತಂಗಿ ಮೇಘಶ್ರೀ ಬರೆದ ಚಿತ್ರ. ಎಲ್ಲರಿಗೂ ತುಂಬಾ ಇಷ್ಟವಾಗಿದೆ.

ಡಿಸೆಂಬರ್ ಆಗದಿದ್ದರೆ ಮುಂದಿನ ವರ್ಷ ಇದ್ದೇ ಇದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಶಿಲ್ಪಶ್ರೀ


ಬಿಟಿಎಂ ಲೇಔಟ್
3 ಅಕ್ಟೋಬರ್ 2025

ಮೇಡಂ,

ಮೂರು ವಾರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗಲೂ ಇದೆ, ಆದರೆ ಅದರ ಜೊತೆಗೆ ಒಂದು ಲೆಕ್ಕವೂ ಇದೆ. ಸಿಟ್ಟನ್ನು ಬಿಟ್ಟು ಲೆಕ್ಕವನ್ನಾದರೂ ಓದಿ.

ಮೇಲಿನ ಪಾಠಗಳು ನನಗೆ ತೆರೆಯುವುದಿಲ್ಲವಲ್ಲ, ಅದಕ್ಕೆ ಜಯನಗರ ನಾಲ್ಕನೇ ಬ್ಲಾಕ್‌ನಲ್ಲಿ ಹಳೆಯ ಪಠ್ಯಪುಸ್ತಕ ಕೊಂಡೆ. ಅದರಲ್ಲಿ ಮಾನಕ ವಿಚಲನೆ ಎಂಬ ಅಧ್ಯಾಯ ಬಂತು. ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ಅಳೆಯುವುದು. ಓದುತ್ತಿದ್ದ ಹಾಗೇ ಮೊಬೈಲ್ ತೆಗೆದೆ. ನಮ್ಮ ಆ್ಯಪ್‌ನಲ್ಲಿ 'ನನ್ನ ದಾಖಲೆ' ಎಂಬ ಪುಟದಲ್ಲಿ ಪ್ರತಿ ಉತ್ತರಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬರುತ್ತದೆ. ನನ್ನ ಅರವತ್ತು ಉತ್ತರಗಳ ಸಮಯ ಬರೆದುಕೊಂಡು ಲೆಕ್ಕ ಹಾಕಿದೆ. ಸರಾಸರಿ ಎಪ್ಪತ್ತನಾಲ್ಕು ಸೆಕೆಂಡು. ವಿಚಲನೆ ಬರೀ ಐದು.

ಮೇಡಂ, ಯೋಚಿಸಿ ನೋಡಿ. ಆರು ಮಾವಿನಹಣ್ಣಿನಲ್ಲಿ ಎರಡು ಕಳೆಯಲು ಎಪ್ಪತ್ತನಾಲ್ಕು. ಇಪ್ಪತ್ತು ಅಂಗಿಯ ಸರಾಸರಿ ತೆಗೆಯಲೂ ಎಪ್ಪತ್ತನಾಲ್ಕು. ದಡ್ಡಿಯೇ ಆಗಿದ್ದರೂ ಸುಲಭದ್ದಕ್ಕೆ ಕಡಿಮೆ, ಕಷ್ಟದ್ದಕ್ಕೆ ಹೆಚ್ಚು ಹೊತ್ತು ಬೇಕಲ್ಲವೇ? ಯೋಚಿಸುವ ತಲೆಯ ಹೊತ್ತು ಚದುರಿರಬೇಕು. ನನ್ನದು ಚದುರಿಲ್ಲ. ಅಂದರೆ ಅದು ತಲೆಯ ಹೊತ್ತಲ್ಲ.

ಅದು ಒಂದು ಜೋಳದ ರೊಟ್ಟಿಯ ಹೊತ್ತು.

ನಾನು ಗಾರ್ಮೆಂಟ್ಸ್‌ನಲ್ಲಿಲ್ಲ. ಬಿಟಿಎಂನಲ್ಲಿ ದ್ಯಾಮಣ್ಣ ಎಂಬವರ ಖಾನಾವಳಿ ಇದೆ, ಅಲ್ಲಿ ದಿನಕ್ಕೆ ನಾನೂರು ರೊಟ್ಟಿ ಬಡಿಯುವವರು ನಾನು ಮತ್ತು ಅನ್ನಪೂರ್ಣ. ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿ, ಕಿವಿಗೆ ವೈರು ಹಾಕಿಕೊಂಡು ಪಾಠ ಕೇಳುತ್ತೇನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಗೊತ್ತಿರುತ್ತದೆ. ಆದರೆ ಎರಡೂ ಕೈಯಲ್ಲಿ ಹಿಟ್ಟು. ಹಿಟ್ಟಿನ ಬೆರಳಿನ ಮಾತನ್ನು ಮೊಬೈಲ್ ಕೇಳುವುದಿಲ್ಲ, ಅರ್ಧ ಬಡಿದ ರೊಟ್ಟಿ ಬಿಟ್ಟರೆ ಹರಿಯುತ್ತದೆ. ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಕೈ ಒರೆಸಿಕೊಂಡು ಆಮೇಲೆ ಒತ್ತುತ್ತೇನೆ. ಅಷ್ಟರಲ್ಲಿ ನಿಮ್ಮ ಆ್ಯಪ್ ನನ್ನನ್ನು ನಿಧಾನದವಳು ಎಂದು ಬರೆದುಕೊಂಡಿರುತ್ತದೆ.

ಉತ್ಪಾದನಾ ವಿಭಾಗ ಎಂದು ಬರೆದದ್ದು ನನ್ನ ತಪ್ಪು. ರೊಟ್ಟಿ ಬಡಿಯುವವಳು ಎಂದರೆ ನೀವು ನನ್ನ ಗಣಿತವನ್ನು ನಂಬುವುದಿಲ್ಲ ಎಂದು ಅಂಜಿದೆ. ನಿಜ ಹೇಳಬೇಕೆಂದರೆ ನಾಚಿಕೆಯೂ ಇತ್ತು. ಆದರೆ 'ಅವಮಾನವೇನೂ ಇಲ್ಲ' ಎಂದು ನೀವು ಬರೆದಿರಲ್ಲ, ಅಷ್ಟು ಅವಮಾನ ನನಗೆ ಬೇರೆ ಯಾವುದರಿಂದಲೂ ಆಗಿಲ್ಲ.

ಅಕ್ಟೋಬರ್ 31ಕ್ಕೆ ಇಪ್ಪತ್ತೆಂಟು ದಿನ ಉಳಿದಿವೆ.

ಹುಲಿಗೆವ್ವ


ಬನಶಂಕರಿ ಎರಡನೇ ಹಂತ
4 ಅಕ್ಟೋಬರ್ 2025

ಹುಲಿಗೆವ್ವ,

ನಿಮ್ಮ ಪತ್ರ ಓದಿದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಕೈಲಾಸ್, 'ಏನಾಯ್ತು, ಮನೇಲಿ ಎಲ್ಲಾ ಆರಾಮಾ?' ಎಂದರು. ಅವರಿಗೆ ನಿಮ್ಮ ಲೆಕ್ಕ ಓದಿ ಹೇಳಿದೆ. ಅವರೂ ಎದ್ದು ನಿಂತರು. ಹನ್ನೊಂದು ವರ್ಷದಿಂದ ಈ ವಿಷಯ ಕಲಿಸುತ್ತಿದ್ದೇವೆ. ತನ್ನನ್ನು ಅಳೆದ ಗಜಕಡ್ಡಿಯನ್ನೇ ತಿರುಗಿಸಿ ಅಳೆದ ವಿದ್ಯಾರ್ಥಿಯನ್ನು ನಾವಿಬ್ಬರೂ ಕಂಡಿಲ್ಲ.

ಈಗ ನನ್ನ ತಪ್ಪು. ಸರಿಯುತ್ತರ ಕೊಟ್ಟರೂ ಒಂದು ನಿಮಿಷ ದಾಟಿದರೆ 'ಅರ್ಧ ತಿಳಿದಿದೆ' ಎಂದು ಎಣಿಸುವ ನಿಯಮ ಇದೆಯಲ್ಲ, ಅದನ್ನು ಬರೆದವಳು ನಾನೇ. ಆ್ಯಪ್ ಮಾಡಿತು ಎಂದು ಸುಲಭವಾಗಿ ಅದರ ತಲೆಗೆ ಕಟ್ಟಿದ್ದೆ. ನಿಮ್ಮ ದಾಖಲೆ ನೋಡಿದೆ ಎಂದಾಗ ಸಮಯದ ಕಾಲಂ ಮಾತ್ರ ನೋಡಿದ್ದೆ. ಇವತ್ತು ಪಕ್ಕದ ಕಾಲಂ ನೋಡಿದೆ. ಅರವತ್ತರಲ್ಲಿ ಐವತ್ತಾರು ಸರಿ. ನಿಮ್ಮ ಬಗ್ಗೆ ಎಲ್ಲ ತಿಳಿದುಕೊಳ್ಳುತ್ತೇನೆ ಎಂದು ಹೊರಟವಳು ಟೈಲರ್ ಅಂಗಡಿಗೆ ಹೋದೆನೇ ಹೊರತು ನಿಮ್ಮನ್ನೊಂದು ಮಾತು ಕೇಳಲಿಲ್ಲ. ಕ್ಷಮಿಸಿ.

ನೇರವಾಗಿ ಹಸಿರು ಮಾಡಲು ನನಗೆ ಅಧಿಕಾರ ಇಲ್ಲ. ಬುನಾದಿಯ ಸುಲಭ ಪ್ರಶ್ನೆಗಳಲ್ಲಿ ಐವತ್ತಾರು ಬಂದರೆ ಸಾಲದು, ಮೇಲಿನ ಪಾಠದ ಮೌಖಿಕ ಪರೀಕ್ಷೆ ಆಗಬೇಕು ಎಂದು ಶಾಂತವೀರಪ್ಪ ಸರ್ ಪಟ್ಟು ಹಿಡಿದಿದ್ದಾರೆ. ಕಾಲೇಜಿಗೆ ಬರಲು ನಿಮಗೆ ಬಿಡುವಿಲ್ಲ ಎಂದೆ. 'ಹಾಗಾದ್ರೆ ನಾನೇ ಹೋಗ್ತೀನಿ, ಆ ಎಪ್ಪತ್ನಾಲ್ಕು ಸೆಕೆಂಡು ಕಣ್ಣಾರೆ ನೋಡ್ಬೇಕು' ಎಂದರು. ಹದಿನೈದನೇ ತಾರೀಕು ಬುಧವಾರ, ಮಧ್ಯಾಹ್ನ ಮೂರಕ್ಕೆ. ನಾನು ನಿಮ್ಮ ಪರ ಎಂದು ಆಗಲೇ ಎಲ್ಲರಿಗೂ ಗೊತ್ತಾಗಿರುವುದರಿಂದ ನನ್ನನ್ನು ಬರಬೇಡಿ ಎಂದಿದ್ದಾರೆ.

ಮೇಲಿನ ಪಾಠಗಳನ್ನು ನಾನೇ ಧ್ವನಿಯಲ್ಲಿ ಹೇಳಿ ಕಳಿಸುತ್ತೇನೆ. ಹನ್ನೊಂದು ದಿನ ಇದೆ. ಬಡಿಯುತ್ತಾ ಕೇಳಿ, ಏನನ್ನೂ ಒತ್ತಬೇಡಿ.

ಶಿಲ್ಪಶ್ರೀ


ಬಿಟಿಎಂ ಲೇಔಟ್
15 ಅಕ್ಟೋಬರ್ 2025

ಶಿಲ್ಪಶ್ರೀ ಮೇಡಂ,

ಪೂರ್ತಿ ಬರೆಯುತ್ತೇನೆ. ನೀವು ಉಗುರು ಕಡಿಯುತ್ತಾ ಕೂತಿರುತ್ತೀರಿ ಎಂದು ಗೊತ್ತು.

ಸರ್ ಮೂರಕ್ಕೆ ಸರಿಯಾಗಿ ಬಂದರು. ದ್ಯಾಮಣ್ಣ ಊಟಕ್ಕೆ ಬಂದವರೆಂದು ತಿಳಿದು, 'ಊಟಾ ಮುಗದೈತ್ರಿ, ಏಳಕ್ಕ ಬರ್ರಿ' ಎಂದ. ಸರ್, 'ಊಟಕ್ಕಲ್ಲಪ್ಪ, ಪರೀಕ್ಷೆ ತಗೊಳ್ಳೋಕೆ ಬಂದಿದ್ದೀನಿ' ಎಂದರು. ದ್ಯಾಮಣ್ಣ ಆಹಾರ ಇಲಾಖೆಯವರೆಂದು ಗಾಬರಿಯಾಗಿ ಎಣ್ಣೆ ಡಬ್ಬಿಗೆಲ್ಲ ಮುಚ್ಚಳ ಹಾಕಲು ಓಡಿದ. ಓದುತ್ತಿರುವುದನ್ನು ನಾನು ಆತನಿಗೆ ಹೇಳಿರಲಿಲ್ಲ. ಕಿವಿಯಲ್ಲಿ ಹಾಡು ಕೇಳುತ್ತೇನೆ ಎಂದುಕೊಂಡಿದ್ದ.

ಸರ್ ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. 'ನೀವು ಕೆಲಸ ನಿಲ್ಲಿಸ್ಬೇಡಿ' ಎಂದರು. ನಾನು ಬಡಿಯುತ್ತಾ ಇದ್ದೆ, ಅವರು ಕೇಳುತ್ತಾ ಇದ್ದರು.

'ಹತ್ತು ಜನ. ಸರಾಸರಿ ವಯಸ್ಸು ಮೂವತ್ತು. ಅದ್ರಲ್ಲಿ ನಲವತ್ತೆಂಟು ವಯಸ್ಸಿನೋನು ಒಬ್ಬ ಎದ್ದು ಹೋದ. ಉಳಿದೋರ ಸರಾಸರಿ?'

'ಇಪ್ಪತ್ತೆಂಟ್ರಿ' ಎಂದೆ. ರೊಟ್ಟಿ ಅರ್ಧ ಆಗಿತ್ತು.

'ಇಡೀ ತರಗತಿಗೆ ಐದೈದು ಅಂಕ ಪುಗಸಟ್ಟೆ ಕೊಟ್ಟೆ ಅಂದ್ಕೊಳ್ಳಿ. ಮಾನಕ ವಿಚಲನೆ ಎಷ್ಟು ಜಾಸ್ತಿ ಆಗತ್ತೆ?'

'ಇದ್ದಷ್ಟ ಇರ್ತೈತ್ರಿ ಸರ್. ಎಲ್ಲಾರೂ ಐದೈದು ಹೆಜ್ಜಿ ಮುಂದ ಹೋದ್ರ, ಅವರವರ ನಡುವಿನ ಅಂತರ ಹ್ಯಾಂಗ ಬದಲಾಕ್ಕೈತ್ರಿ?'

ಅವರು ಕೈಗಡಿಯಾರ ನೋಡುವುದನ್ನು ಅಲ್ಲಿಗೆ ಬಿಟ್ಟರು. ಹದಿನೆಂಟು ಪ್ರಶ್ನೆ ಕೇಳಿದರು. ಎರಡು ತಪ್ಪಿದೆ. ಒಂದು ಗೊತ್ತಿತ್ತು, ಅವಸರ ಮಾಡಿದೆ. ಇನ್ನೊಂದು ನಿಜವಾಗಿಯೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. 'ಎರಡೂ ಕೈ ಓಡ್ತಿರುವಾಗ ತಲೇಲಿ ಲೆಕ್ಕ ಹೇಗಮ್ಮಾ ಮಾಡ್ತೀರಿ?' ಎಂದು ಕೇಳಿದರು. 'ಕೈ ತನ್ನ ಕೆಲಸಾ ತಾ ಮಾಡ್ತೈತ್ರಿ. ಊರಾಗಿಂದ ಹಿಡದು ಹದಿನೈದು ವರ್ಷಾತು, ತಲಿ ಖಾಲೀನ ಇರ್ತೈತಿ' ಎಂದೆ. ಅನ್ನಪೂರ್ಣ ಅಷ್ಟು ಹೊತ್ತು ತಡೆದಿದ್ದ ನಗುವನ್ನು ತಡೆಯಲಾಗದೆ ಹಿತ್ತಲಿಗೆ ಓಡಿದಳು.

ಸರ್ ಬಿಸಿ ರೊಟ್ಟಿ, ಎಣ್ಣೆಗಾಯಿ ತಿಂದರು. ಐದು ರೊಟ್ಟಿ. ಆಮೇಲೆ ಏನೂ ಹೇಳದೆ ಎದ್ದು ಹೋದರು ಮೇಡಂ. ಅವರ ಮುಖ ನೋಡಿ ಏನಾದರೂ ಗೊತ್ತಾಗುತ್ತದೆಯೇ? ನಿಮಗೆ ಅಭ್ಯಾಸ ಇರಬೇಕು.

ಹುಲಿಗೆವ್ವ


ಬನಶಂಕರಿ ಎರಡನೇ ಹಂತ
30 ಅಕ್ಟೋಬರ್ 2025

ಹುಲಿಗೆವ್ವಕ್ಕ,

ಅಕ್ಕ ಎಂದು ಬರೆದುಬಿಟ್ಟೆ, ಅಳಿಸುವುದಿಲ್ಲ. ಹದಿನೈದು ದಿನ ಸುಮ್ಮನಿದ್ದದ್ದಕ್ಕೆ ಬೈಯಬೇಡಿ. ನಾಳೆ ಗಡುವು ಎಂದು ನೀವು ಎಷ್ಟು ಒದ್ದಾಡಿರುತ್ತೀರಿ ಎಂದು ಗೊತ್ತು. ಅರ್ಧ ಸುದ್ದಿ ಹೇಳಲು ಮನಸ್ಸಾಗಲಿಲ್ಲ.

ನೀವು ಹಸಿರು. ಇವತ್ತು ಸಂಜೆ ನಾಲ್ಕಕ್ಕೆ ಆಯಿತು, ನಾನೇ ನಿಂತು ನೋಡಿದೆ. ಡಿಸೆಂಬರ್ 14ಕ್ಕೆ ಎರಡನೇ ಪತ್ರಿಕೆ ಬರೆಯುತ್ತೀರಿ.

ನಡುವೆ ನಡೆದದ್ದು ಇಷ್ಟು. ಸರ್ ನಿಮಗೆ ಹದಿನೆಂಟಕ್ಕೆ ಹದಿನಾರು ಕೊಟ್ಟು ಪಾಸು ಮಾಡಿದ್ದರು. ಆದರೆ ಕಾಲೇಜಿನ ಪರೀಕ್ಷಾ ಸಮಿತಿಯವರು, ಒಬ್ಬರಿಗೋಸ್ಕರ ಗುರುತು ಬದಲಿಸುವುದಿಲ್ಲ, ಅಳತೆಯೇ ತಪ್ಪಾಗಿದ್ದರೆ ಬರೆದುಕೊಡಿ ಎಂದರು. ಬುನಾದಿಯಲ್ಲಿ ಸಿಕ್ಕಿಕೊಂಡಿದ್ದ ನೂರ ನಲವತ್ತು ಜನರ ಸಮಯವನ್ನೂ ನಿಮ್ಮ ಹಾಗೆಯೇ ಅಳೆದೆ. ಉತ್ತರ ಸರಿ, ಸಮಯ ಹೆಚ್ಚು, ಆ ಸಮಯಕ್ಕೂ ಪ್ರಶ್ನೆಯ ಕಷ್ಟಕ್ಕೂ ಸಂಬಂಧವೇ ಇಲ್ಲ ಎಂಬಂಥವರು ಇನ್ನೂ ಇಪ್ಪತ್ತಮೂರು ಜನ ಸಿಕ್ಕರು. ಅವರಿಗೆಲ್ಲ ಫೋನ್ ಮಾಡಿದೆ. ಕೋಣನಕುಂಟೆಯ ನರ್ಸ್ ಒಬ್ಬರು ಗ್ಲೌಸ್ ಬಿಚ್ಚಿ ಒತ್ತುತ್ತಾರೆ. ತಲಘಟ್ಟಪುರದಿಂದ ಕ್ಯಾಬ್ ಓಡಿಸುವ ನಿಂಗರಾಜ ಎಂಬವರು ಸಿಗ್ನಲ್ ಬೀಳುವ ತನಕ ಕಾಯುತ್ತಾರೆ. ಅಂಜನಾ ಎಂಬ ಹುಡುಗಿ ಮಗುವಿಗೆ ಹಾಲು ಕುಡಿಸುತ್ತಾ ಓದುತ್ತಾಳೆ, ಅದು ನಿದ್ದೆ ಹೋದ ಮೇಲೆ ಕೈ ಬಿಡಿಸಿಕೊಂಡು ಒತ್ತುತ್ತಾಳೆ. ಒಬ್ಬೊಬ್ಬರ ಮಾತು ಕೇಳುವಾಗಲೂ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಎಲ್ಲ ಬರೆದುಕೊಟ್ಟೆ. ಇಪ್ಪತ್ತನಾಲ್ಕೂ ಜನ ಹಸಿರು. ನನ್ನ ಯೋಜನೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಮೂರು ವರ್ಷದ ಕೆಲಸ, ನೋವಾಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹೊಸದಾಗಿ ಬರೆಯಲು ಕೂತೆ. ಮೊದಲ ಪುಟದಲ್ಲಿ ವಿದ್ಯಾರ್ಥಿಗೆ ಒಂದೇ ಪ್ರಶ್ನೆ ಇದೆ. ಓದುವಾಗ ನಿಮ್ಮ ಕೈ ಏನು ಮಾಡುತ್ತಿರುತ್ತದೆ?

ಪರೀಕ್ಷೆಯ ದಿನ ನಾನು ತುಮಕೂರಿನಲ್ಲಿ ಮೌಲ್ಯಮಾಪನದಲ್ಲಿರುತ್ತೇನೆ. ಆವತ್ತೇ ಬರೆಯಿರಿ.

ಶಿಲ್ಪಶ್ರೀ


ಬಿಟಿಎಂ ಲೇಔಟ್
2 ನವೆಂಬರ್ 2025

ಮೇಡಂ,

ಹಸಿರು ಎಂದು ಓದಿ ನಾನೂ ಅನ್ನಪೂರ್ಣಳೂ ಕೈಗೆ ಹಿಟ್ಟು ಮೆತ್ತಿಕೊಂಡೇ ಕುಣಿದೆವು. ನಿಮ್ಮ ಯೋಜನೆಯ ಸುದ್ದಿ ಓದಿ ನಿಂತೆವು. ನಿಮ್ಮ ಹೊಸ ಪ್ರಶ್ನೆ ಸರಿಯಾಗಿದೆ. ನಮ್ಮಂಥವರು ಸುಳ್ಳು ಹೇಳುತ್ತೇವೆ, ಎರಡು ಸಲ ಕೇಳಿ.

ಇನ್ನೊಂದು ಕಂಟಕ ಇದೆ. ಡಿಸೆಂಬರ್ 14 ಭಾನುವಾರ. ಭಾನುವಾರ ನಮ್ಮಲ್ಲಿ ಆರುನೂರು ರೊಟ್ಟಿ. ಅನ್ನಪೂರ್ಣ ಒಬ್ಬಳೇ ಬಡಿಯಲಾರಳು, ಬದಲಿ ಹೆಂಗಸರು ಸಿಗುವುದಿಲ್ಲ. ದ್ಯಾಮಣ್ಣನಿಗೆ ಕೇಳಿದೆ. 'ರೊಟ್ಟಿ ಇಲ್ದ ಖಾನಾವಳಿ ಹ್ಯಾಂಗ ತಗೀಲಿ, ನೀನ ಹೇಳು' ಎಂದು ಒಳಗೆ ಹೋದ. ಆತನ ಮಾತೂ ಸುಳ್ಳಲ್ಲ. ಕೆಲಸ ಬಿಟ್ಟಾದರೂ ಬರೆಯುತ್ತೇನೆ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೇನೆ. ಆತನಿಗೆ ಇನ್ನೂ ಹೇಳಿಲ್ಲ.

ಹುಲಿಗೆವ್ವ


ಬಿಟಿಎಂ ಲೇಔಟ್
14 ಡಿಸೆಂಬರ್ 2025, ಸಂಜೆ

ಶಿಲ್ಪಶ್ರೀ ಮೇಡಂ,

ಬರೆದೆ. ಎಲ್ಲ ಪ್ರಶ್ನೆಗೂ ಬರೆದೆ. ಕೈ ಖಾಲಿ ಇಟ್ಟುಕೊಂಡು ಲೆಕ್ಕ ಮಾಡುವುದು ಇಷ್ಟು ಸುಖ ಎಂದು ಗೊತ್ತಿರಲಿಲ್ಲ. ಅರ್ಧ ಗಂಟೆ ಮೊದಲೇ ಮುಗಿದು, ಕೊಠಡಿಯ ಮೇಡಂ, 'ಇನ್ನೊಂದ್ಸಲ ಚೆಕ್ ಮಾಡಿ' ಎಂದು ಕೂರಿಸಿದರು.

ಬೆಳಿಗ್ಗೆ ಹೊರಡುವಾಗ ಪರೀಕ್ಷೆಗೆ ಹೋಗಿಯೇ ಹೋಗುತ್ತೇನೆ ಎಂದು ಹೇಳಿದರೆ ದ್ಯಾಮಣ್ಣ ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಿದ್ದ. ಕೆಲಸ ಹೋಯಿತು ಎಂದುಕೊಂಡೇ ಬಸ್ಸು ಹತ್ತಿದ್ದೆ. ಮಧ್ಯಾಹ್ನ ಮೂರಕ್ಕೆ ಸಾಮಾನು ತೆಗೆದುಕೊಂಡು ಹೋಗೋಣ ಎಂದು ಖಾನಾವಳಿಗೆ ಬಂದರೆ, ಬಾಗಿಲಿಗೆ ಕರಿಹಲಗೆ ಒರಗಿಸಿತ್ತು. ದ್ಯಾಮಣ್ಣನ ಕೈಬರಹ. 'ಇವತ್ತು ರೊಟ್ಟಿ ಇಲ್ಲ. ಚಪಾತಿ ಮಾತ್ರ. ನಮ್ಮ ಹುಲಿಗೆವ್ವನ ಪರೀಕ್ಷೆ ಐತಿ.'

ನಾನು ಅಲ್ಲೇ ನಿಂತು ಅತ್ತೆ. ನಮ್ಮ ಕಡೆಯ ಹುಡುಗರು ವಾರವೆಲ್ಲ ಆಫೀಸು, ಕೊರಿಯರ್ ಎಂದು ದುಡಿದು ಭಾನುವಾರ ರೊಟ್ಟಿಗೆಂದೇ ಬರುತ್ತಾರೆ. ಬೋರ್ಡು ನೋಡಿ ಕೆಲವರು ವಾಪಸ್ ಹೋದರಂತೆ. ಉಳಿದವರು ಚಪಾತಿ ತಿಂದು, ನಾನು ಬರುವ ತನಕ ಅಲ್ಲೇ ಕೂತಿದ್ದರು. 'ಅಕ್ಕಾ, ಹೆಂಗಾತು?' ಎಂದು ಪ್ರತಿಯೊಬ್ಬನೂ ಕೇಳಿದ.

ದ್ಯಾಮಣ್ಣ, 'ಎಷ್ಟ ಬರ್ತಾವು?' ಎಂದ. ಎಂಬತ್ತು ಬರಬಹುದು ಎಂದೆ. ಆತ ಹೊರಗೆ ಹೋಗಿ ಬೋರ್ಡಿನಲ್ಲಿ ದೊಡ್ಡದಾಗಿ ಎಂಬತ್ತು ಎಂದು ಬರೆದ. ಫಲಿತಾಂಶ ಜನವರಿಯಲ್ಲಿ, ಈಗಲೇ ಅಳಿಸು ಎಂದರೆ ಕೇಳುತ್ತಿಲ್ಲ. ಒಂದು ಅಂಕ ಕಡಿಮೆ ಬಂದರೂ ನಾನು ಬಿಟಿಎಂನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ ಮೇಡಂ.

ಹುಲಿಗೆವ್ವ


ಜಯದೇವ ಸಿಗ್ನಲ್, ಬಸ್ಸಿನಲ್ಲಿ
19 ಜನವರಿ 2026

ಹುಲಿಗೆವ್ವಕ್ಕ,

ಫಲಿತಾಂಶ ನಾಳೆ ಪ್ರಕಟವಾಗುತ್ತದೆ. ಶಾಂತವೀರಪ್ಪ ಸರ್ ನನಗೆ ಇವತ್ತೇ ತೋರಿಸಿದರು. ಕೊಡೆ ಮರೆತು, ಚೀಲ ಮರೆತು ಬಸ್ಸು ಹತ್ತಿದ್ದೇನೆ. ಸರ್ ಪಕ್ಕದಲ್ಲೇ ಕೂತಿದ್ದಾರೆ, ಎಣ್ಣೆಗಾಯಿ ಉಳಿದಿರುತ್ತದೋ ಇಲ್ಲವೋ ಎಂಬುದು ಅವರ ಚಿಂತೆ.

ಇನ್ನು ಕಾಲು ಗಂಟೆಯಲ್ಲಿ ಅಲ್ಲಿರುತ್ತೇವೆ. ಅಷ್ಟರೊಳಗೆ ದ್ಯಾಮಣ್ಣನವರಿಗೆ ಬೋರ್ಡು ಅಳಿಸಲು ಹೇಳಿ. ಅವರು ಬರೆದದ್ದು ತಪ್ಪು.

ತೊಂಬತ್ತೊಂದು.

ಶಿಲ್ಪಶ್ರೀ